100 ಕಿಲೋನ್ಯೂಟನ್ ಫಟೀಗ್ ಯಂತ್ರ: ಯಂತ್ರ ಒಳ್ಳೆಯದು, ಅದು ಹೇಳುವ ಆಯುಷ್ಯ ನಂಬುವಂಥದ್ದಲ್ಲ

ಪುಣೆಯ ಭೋಸರಿಯಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಎಣ್ಣೆಯ ಒತ್ತಡದಿಂದ ಭಾರ ಹಾಕುವ ಈ ಸರ್ವೋ ಹೈಡ್ರಾಲಿಕ್ ಯಂತ್ರ ಬಂದು ನಾಲ್ಕೈದು ವರ್ಷಗಳಾದವು. ಗಾಳಿಯಂತ್ರದ ರೆಕ್ಕೆಗಳಿಗೆ ಬಳಸುವ ಗಾಜಿನ ನಾರು ಮತ್ತು ಎಪಾಕ್ಸಿಯ ಹಲಗೆಗಳಿಂದ ಪಟ್ಟಿಗಳನ್ನು ಕತ್ತರಿಸಿ, ಅವು ಮುರಿಯುವವರೆಗೆ ಮತ್ತೆ ಮತ್ತೆ ಎಳೆಯುವುದು, ಕೆಲವೊಮ್ಮೆ ಒತ್ತುವುದು ಇದರ ಮುಖ್ಯ ಕೆಲಸ. ಹೀಗೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ವಸ್ತು ಸೋಲುವುದೇ ಫಟೀಗ್; ಭಾರದ ಒಂದು ಏರಿಳಿತ ಒಂದು ಸೈಕಲ್, ಮುರಿಯುವವರೆಗೆ ತಾಳಿದ ಸೈಕಲ್‌ಗಳ ಸಂಖ್ಯೆಯೇ ಆಯುಷ್ಯ. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ. ಇದೇ ವರ್ಗದ ಯಾವ ಯಂತ್ರವನ್ನು ಕೊಳ್ಳುವವರಿಗೂ ಇಲ್ಲಿನ ಮಾತು ಬಹುಪಾಲು ಅನ್ವಯಿಸುತ್ತದೆ.

ಭಾರ ಹಾಕುವ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಗರಿಷ್ಠ ಮತ್ತು ಕನಿಷ್ಠ ಭಾರಗಳು ಹಗಲುರಾತ್ರಿ ಒಂದೇ ಸಮನಾಗಿ ನಿಲ್ಲುತ್ತವೆ, ಪಟ್ಟಿ ಸಡಿಲವಾಗುತ್ತ ಬಂದಂತೆ ನಿಯಂತ್ರಕವು ತಾನಾಗಿ ಸರಿಹೊಂದಿಸಿಕೊಳ್ಳುತ್ತದೆ. ಆದರೆ ಮಾಹಿತಿ ಪತ್ರದಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ವೇಗಕ್ಕೆ ಮರುಳಾಗಬೇಡಿ. ಉಕ್ಕಿನ ತುಂಡನ್ನು 20 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 20 ಸೈಕಲ್‌ಗಳಂತೆ, ಓಡಿಸಿದರೆ ಹತ್ತು ಲಕ್ಷ ಸೈಕಲ್‌ಗಳು ಸುಮಾರು 14 ಗಂಟೆಗಳಲ್ಲಿ ಮುಗಿಯುತ್ತವೆ. ನಾರು ಮತ್ತು ಎಪಾಕ್ಸಿ ರಾಳ ಸೇರಿದ ನಮ್ಮ ಕಾಂಪೊಸಿಟ್ ಪಟ್ಟಿ ಹಾಗಲ್ಲ. ರಾಳದೊಳಗಿನ ಘರ್ಷಣೆಯಿಂದ ಅದು ತಾನೇ ಬಿಸಿಯಾಗುತ್ತದೆ, ಹುಟ್ಟಿದ ಶಾಖ ಬೇಗ ಹೊರಗೆ ಹೋಗುವುದಿಲ್ಲ, ಕೊನೆಗೆ ನಾವು ಅಳೆಯುವುದು ಫಟೀಗ್ ಅನ್ನೋ ಬಿಸಿಯನ್ನೋ ಎಂಬುದೇ ತಿಳಿಯದಂತಾಗುತ್ತದೆ. ಆದ್ದರಿಂದ ನಾವು 5 ಹರ್ಟ್ಸ್ ದಾಟುವುದಿಲ್ಲ, ಬಿಸಿಯನ್ನು ಅಳೆಯಲು ಪಟ್ಟಿಯ ಮೇಲೊಂದು ಥರ್ಮೊಕಪಲ್ ಅಂಟಿಸಿಯೇ ಇರುತ್ತೇವೆ. ಆ ವೇಗದಲ್ಲಿ ಹತ್ತು ಲಕ್ಷ ಸೈಕಲ್‌ಗಳಿಗೆ ಸುಮಾರು 56 ಗಂಟೆ ಬೇಕು. ಗುರುವಾರ ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ, ದುರಸ್ತಿಗೆಂದು ವಿದ್ಯುತ್ ತೆಗೆಯುವುದೂ ಸಾಮಾನ್ಯವಾಗಿ ಅಂದೇ. ಹೀಗಾಗಿ ದೀರ್ಘ ಪರೀಕ್ಷೆಗಳನ್ನು ಶುಕ್ರವಾರ ಬೆಳಿಗ್ಗೆ ಆರಂಭಿಸುವುದು ನಮ್ಮಲ್ಲಿ ರೂಢಿಯಾಗಿದೆ. ನಡುವೆ ವಿದ್ಯುತ್ ಹೋದರೂ ಸೈಕಲ್ ಎಣಿಕೆ ಅಳಿಸಿಹೋಗುವುದಿಲ್ಲ ಎಂಬುದು ಈ ಯಂತ್ರದ ದೊಡ್ಡ ಗುಣ.

ಹೈಡ್ರಾಲಿಕ್ ಹಿಡಿಕೆಗಳು ಗಟ್ಟಿಯಾಗಿವೆ, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚೇ. ಒತ್ತಡ ಹೆಚ್ಚಿದರೆ ಪಟ್ಟಿ ಹಿಡಿಕೆಯ ಅಂಚಿನಲ್ಲೇ ನಲುಗುತ್ತದೆ, ಕಡಿಮೆಯಾದರೆ ಜಾರುತ್ತದೆ. ವಿಜಯಪುರದಿಂದ ಬಂದ ನಮ್ಮ ತಂತ್ರಜ್ಞರು ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಸರ್, ಇದು ಟ್ಯಾಬ್ ಬುಡದಾಗ ಹೋಗೇದ, ಲೆಕ್ಕಕ್ಕ ಹಿಡಿಯೂದು ಬ್ಯಾಡ್ರಿ" ಎಂದರೆ ನಾನು ಮರುಮಾತಾಡುವುದಿಲ್ಲ. ಟ್ಯಾಬ್ ಎಂದರೆ ಹಿಡಿಕೆ ಕಚ್ಚುವಲ್ಲಿ ಪಟ್ಟಿಯ ತುದಿಗೆ ಅಂಟಿಸಿದ ತುಂಡು. ಗಾಜಿನ ನಾರಿನ ಪಟ್ಟಿ ಅರೆಪಾರದರ್ಶಕವಾದ್ದರಿಂದ ಅಡ್ಡ ಪದರಗಳಲ್ಲಿ (ಎಳೆತಕ್ಕೆ ಅಡ್ಡವಾಗಿ ನಾರು ಹಾಸಿದ ಪದರಗಳು) ಸಾಲಾಗಿ ಎದ್ದ ಬಿರುಕುಗಳೂ ಪದರಗಳು ಬಿಟ್ಟುಕೊಂಡಲ್ಲಿ ಮೂಡುವ ಬಿಳಿಚು ಮಚ್ಚೆಗಳೂ ಬರಿಗಣ್ಣಿಗೇ ಕಾಣುತ್ತವೆ. ಕಾರ್ಬನ್ ಫೈಬರಿನಲ್ಲಿ ಈ ಅನುಕೂಲವಿಲ್ಲ.

ಎಣ್ಣೆಯ ಶುಚಿತ್ವದಲ್ಲಿ ರಾಜಿ ಸಲ್ಲದು. ಎಣ್ಣೆಯ ಹರಿವನ್ನು ನಿಯಂತ್ರಿಸುವ ಸರ್ವೋ ವಾಲ್ವ್ ಕೆಟ್ಟರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಎಣ್ಣೆ ತಣಿಸುವ ಚಿಲ್ಲರ್ ಸೋಲುತ್ತದೆ. ಸೇವಾ ವಿಭಾಗದವರು ಕರೆದಾಗ ಬರುತ್ತಾರೆ, ಬಿಡಿಭಾಗಗಳು ಮಾತ್ರ ಬರುವುದಿಲ್ಲ.

ಇನ್ನು, ಪ್ರತ್ಯೇಕ ಹಣ ತೆತ್ತು ಕೊಂಡ ಆಯುಷ್ಯ ಅಂದಾಜಿಸುವ ತಂತ್ರಾಂಶದ ವಿಚಾರ. ಅದರ ತಳಹದಿ ಎಂಜಿನಿಯರ್ ಪಾಮ್‌ಗ್ರೆನ್ 1924ರಲ್ಲಿ ಮಂಡಿಸಿ, ಮೈನರ್ 1945ರಲ್ಲಿ ಪ್ರಚಾರಕ್ಕೆ ತಂದ ಸರಳ ಸಂಕಲನ ಸೂತ್ರ: ಪ್ರತಿಯೊಂದು ಭಾರದ ಮಟ್ಟದಲ್ಲಿ ಕಳೆದ ಸೈಕಲ್‌ಗಳನ್ನು ಆ ಮಟ್ಟದ ಒಟ್ಟು ಆಯುಷ್ಯದಿಂದ ಭಾಗಿಸಿ, ಎಲ್ಲವನ್ನೂ ಕೂಡಿಸಿ, ಮೊತ್ತ ಒಂದಾದಾಗ ವಸ್ತು ಮುರಿಯುತ್ತದೆ ಎನ್ನುವುದು. ದೊಡ್ಡ ಭಾರ ಮೊದಲು ಬಂತೇ, ಸಣ್ಣದು ಮೊದಲು ಬಂತೇ ಎಂಬುದನ್ನು ಈ ಸೂತ್ರ ಕೇಳುವುದೇ ಇಲ್ಲ. ಅಂಗಡಿಯ ಉದ್ರಿ ಪುಸ್ತಕದಂತೆ ಕೊನೆಯ ಮೊತ್ತವನ್ನಷ್ಟೇ ನೋಡುತ್ತದೆ. ಕಾಂಪೊಸಿಟ್‌ನಲ್ಲಿ ಕ್ರಮಕ್ಕೆ ಬೆಲೆಯಿದೆ. ಮೊದಲ ಕೆಲವು ದೊಡ್ಡ ಎಳೆತಗಳು ಅಡ್ಡ ಪದರಗಳಲ್ಲಿ ಎಬ್ಬಿಸಿದ ಬಿರುಕುಗಳೇ ಮುಂದೆ ಸಣ್ಣ ಭಾರದಲ್ಲಿ ಪದರಗಳು ಬಿಚ್ಚಿಕೊಳ್ಳುವುದಕ್ಕೆ ದಾರಿ ಮಾಡಿಕೊಡುತ್ತವೆ. ಬದಲಾಗುವ ಭಾರದ ನಮ್ಮ ಪರೀಕ್ಷೆಗಳಲ್ಲಿ ಪಟ್ಟಿಗಳು ಮೊತ್ತ ಒಂದನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಮುರಿದದ್ದುಂಟು, ದಾಟಿ ಬದುಕಿದ್ದೂ ಉಂಟು.

ಎರಡನೆಯ ಕೊರತೆ, ತಂತ್ರಾಂಶವು ಸರಾಸರಿ ಒತ್ತಡದ (ಸೈಕಲ್‌ನ ಗರಿಷ್ಠ, ಕನಿಷ್ಠಗಳ ನಡುಮಟ್ಟ) ಪರಿಣಾಮವನ್ನು ಗುಡ್‌ಮನ್‌ನ ನೇರ ಗೆರೆಯಿಂದ, ಅಂದರೆ ಸರಾಸರಿ ಏರಿದಷ್ಟೂ ವಸ್ತು ತಾಳಬಲ್ಲ ಏರಿಳಿತ ಒಂದೇ ಸಮನೆ ಇಳಿಯುತ್ತದೆ ಎಂಬ ಲೆಕ್ಕದಿಂದ, ತೂಗುತ್ತದೆ. ಎಳೆತದ ಬಲವೂ ಒತ್ತಿನ ಬಲವೂ ಬೇರೆಬೇರೆಯಾಗಿರುವ ವಸ್ತುವಿಗೆ ಆ ಗೆರೆ ಹೊಂದುವುದಿಲ್ಲ. ಒತ್ತಡ ಅನುಪಾತ (ಕನಿಷ್ಠವನ್ನು ಗರಿಷ್ಠದಿಂದ ಭಾಗಿಸಿದ್ದು) 0.1 (ಎಳೆತ ಮಾತ್ರ), −1 (ಎಳೆತ, ಒತ್ತು ಸಮಸಮ) ಮತ್ತು 10ರಲ್ಲಿ (ಒತ್ತು ಮಾತ್ರ) ಪ್ರತ್ಯೇಕ ಪರೀಕ್ಷೆ ಮಾಡಿ, ಯಾವ ಸರಾಸರಿಗೆ ಎಷ್ಟು ಏರಿಳಿತವಿದ್ದರೆ ಅದೇ ಆಯುಷ್ಯ ಎಂದು ತೋರಿಸುವ ಸಮಾನ ಆಯುಷ್ಯದ ನಕ್ಷೆಯನ್ನು ನಾವೇ ತುಂಡು ತುಂಡಾಗಿ ಎಳೆದುಕೊಂಡ ಮೇಲಷ್ಟೇ ಉತ್ತರಗಳು ಮಾತಿಗೆ ಬಂದವು. ಅಂಥ ನಕ್ಷೆಯನ್ನು ಒಳಕ್ಕೆ ಸೇರಿಸಲು ತಂತ್ರಾಂಶದಲ್ಲಿ ಜಾಗವೇ ಇಲ್ಲ.

ಆ ತಂತ್ರಾಂಶಕ್ಕಿಂತ, ಪಟ್ಟಿ ಎಷ್ಟು ಹಿಗ್ಗಿತೆಂದು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಹೆಚ್ಚು ಸತ್ಯ ಹೇಳುತ್ತದೆ. ಪಟ್ಟಿಯ ಬಿಗಿತ ಮೊದಲು ಸರ್ರನೆ ಇಳಿಯುತ್ತದೆ, ಆಮೇಲೆ ಆಯುಷ್ಯದ ಬಹುಭಾಗ ನಿಧಾನವಾಗಿ ಜಾರುತ್ತದೆ, ನಾರುಗಳು ಗುಂಪಾಗಿ ಕಡಿಯತೊಡಗಿದಾಗ ಥಟ್ಟನೆ ಬೀಳುತ್ತದೆ. ಆ ನಡುವಿನ ಇಳಿಜಾರನ್ನು ಗಮನಿಸಿ ಮಾಡಿದ ಅಂದಾಜು ನಮಗೆ ತಂತ್ರಾಂಶಕ್ಕಿಂತ ಹತ್ತಿರ ಬಂದಿದೆ. ಯಂತ್ರವನ್ನು ಧಾರಾಳವಾಗಿ ಕೊಳ್ಳಿ. ಕೊಟೇಶನ್‌ನಲ್ಲಿ ಆ ತಂತ್ರಾಂಶದ ಸಾಲನ್ನು ಹೊಡೆದುಹಾಕಿಸಿ, ಉಳಿದ ಹಣಕ್ಕೆ ಇನ್ನೊಂದು ಎಕ್ಸ್‌ಟೆನ್ಸೋಮೀಟರ್ ಮತ್ತು ಒಂದು ಹಂತ ದೊಡ್ಡ ಚಿಲ್ಲರ್ ಕೇಳಿ.