ಪಹಣಿ ಗಿಂಪ್‌ನಲ್ಲಿ ಯಾಕೆ ತೆರೆಯುತ್ತೆ? ಎಕ್ಸ್‌ಡಿಜಿ-ಮೈಮ್ ಹೇಗಿದೆ

ಬಳ್ಳಾರಿಯ ಡಿಟಿಪಿ, ಜೆರಾಕ್ಸ್ ಅಂಗಡಿಗಳಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡವರಿಗೆ ಈ ಕಾಟ ಗೊತ್ತಿರುತ್ತದೆ. ಗಿರಾಕಿ ಪಹಣಿಯ ಪಿಡಿಎಫ್ ತಂದಿದ್ದಾನೆ, ಡಬಲ್ ಕ್ಲಿಕ್ ಮಾಡಿದರೆ ಪಿಡಿಎಫ್ ನೋಡುವ ಪ್ರೋಗ್ರಾಂ ಬದಲು ಚಿತ್ರ ತಿದ್ದುವ ಗಿಂಪ್ ಬಂದು "ಯಾವ ಪುಟ ಬೇಕು, ರೆಸಲ್ಯೂಶನ್ ಎಷ್ಟು" ಎಂದು ಕೇಳುತ್ತದೆ. ಅವಸರದಲ್ಲಿ ಇಂಚಿಗೆ 100 ಪಿಕ್ಸೆಲ್‌ನಲ್ಲಿ ಒಳಗೆ ತಂದು ಪ್ರಿಂಟ್ ಕೊಟ್ಟರೆ ಸರ್ವೆ ನಂಬರು ಮಸುಕು ಮಸುಕು. ಲಿಬ್ರೆಆಫೀಸ್ ಡ್ರಾ ತೆರೆದುಕೊಂಡರೆ ಇನ್ನೂ ಕೆಟ್ಟದ್ದು: ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ಇದು ವೈರಸ್ಸೂ ಅಲ್ಲ, ಹಾರ್ಡ್‌ಡಿಸ್ಕ್ ದೋಷವೂ ಅಲ್ಲ. ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಡ್ರಾ ಮೂರೂ ತಮ್ಮ ತಮ್ಮ .ಡೆಸ್ಕ್‌ಟಾಪ್ ಫೈಲಿನಲ್ಲಿ (ಪ್ರತಿ ಪ್ರೋಗ್ರಾಂನ ಪರಿಚಯ ಚೀಟಿ) "ಪಿಡಿಎಫ್ ನನಗೂ ಬರುತ್ತದೆ" ಎಂದು ಬರೆದುಕೊಂಡಿರುತ್ತವೆ. ನೀವು ಯಾರನ್ನೂ ಖಾಯಂ ಮಾಡಿರದಿದ್ದರೆ, ಹೊಸ ಪ್ರೋಗ್ರಾಂ ಹಾಕಿದಾಗ ತಯಾರಾಗುವ ಮೈಮ್ಇನ್ಫೋ.ಕ್ಯಾಶ್ ಪಟ್ಟಿಯಲ್ಲಿ ಯಾರು ಮುಂದೆ ನಿಂತರೋ ಅವರಿಗೇ ಫೈಲ್. ಹಾಗಾಗಿಯೇ ನಿನ್ನೆ ಸರಿಯಿದ್ದದ್ದು ಇಂದು ಇಂಕ್‌ಸ್ಕೇಪ್ ಹಾಕಿದ ಮೇಲೆ ಕೆಡುತ್ತದೆ.

ಇದನ್ನು ಟರ್ಮಿನಲ್‌ನಿಂದ ನೆಟ್ಟಗೆ ಮಾಡುವ ಉಪಕರಣ ಎಕ್ಸ್‌ಡಿಜಿ-ಮೈಮ್. ಎಕ್ಸ್‌ಡಿಜಿ-ಯುಟಿಲ್ಸ್ ಪ್ಯಾಕೇಜಿನ ಭಾಗ, ಬಿಟ್ಟಿ, ಬಹುತೇಕ ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ. (ಇಲ್ಲಿ ಆಜ್ಞೆಗಳು ಕನ್ನಡ ಲಿಪಿಯಲ್ಲಿವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಒತ್ತಬೇಕು; ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ ಇದ್ದರೆ ಅದನ್ನು ಹಾಗೇ ಒತ್ತಿ.)

ಮೊದಲು ಫೈಲಿನ ಜಾತಿ, ಅಂದರೆ ಮೈಮ್ ಟೈಪ್, ಕೇಳಿ:

ಎಕ್ಸ್‌ಡಿಜಿ-ಮೈಮ್ ಕ್ವೆರಿ ಫೈಲ್‌ಟೈಪ್ "ಪಹಣಿ 45.ಪಿಡಿಎಫ್"

ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆ ಬಿಡಬೇಡಿ, ಎರಡು ಫೈಲ್ ಎಂದು ತಿಳಿದು ಕೂಗಾಡುತ್ತದೆ. ಉತ್ತರ ಅಪ್ಲಿಕೇಶನ್/ಪಿಡಿಎಫ್ ಎಂದು ಬರುತ್ತದೆ. ಈಗ ಅದರ ಯಜಮಾನ ಯಾರು?

ಎಕ್ಸ್‌ಡಿಜಿ-ಮೈಮ್ ಕ್ವೆರಿ ಡಿಫಾಲ್ಟ್ ಅಪ್ಲಿಕೇಶನ್/ಪಿಡಿಎಫ್

ಗಿಂಪ್.ಡೆಸ್ಕ್‌ಟಾಪ್ ಎಂದು ಬಂತೆನ್ನಿ. ಮಿಂಟ್‌ನಲ್ಲಿ ಪಿಡಿಎಫ್ ನೋಡಲು ಇರುವುದು ಎಕ್ಸ್‌ರೀಡರ್, ಹಾಗಾಗಿ:

ಎಕ್ಸ್‌ಡಿಜಿ-ಮೈಮ್ ಡಿಫಾಲ್ಟ್ ಎಕ್ಸ್‌ರೀಡರ್.ಡೆಸ್ಕ್‌ಟಾಪ್ ಅಪ್ಲಿಕೇಶನ್/ಪಿಡಿಎಫ್

ಎಂಟರ್ ಒತ್ತಿದರೆ ತುಟಿ ಪಿಟಕ್ಕೆನ್ನುವುದಿಲ್ಲ. ಮೊದಲ ದೂರು ಇಲ್ಲೇ. ಎಕ್ಸ್‌ರೀಡರ್ ಬದಲು ಎಕ್ಸ್‌ರಿಡರ್ ಎಂದು ತಪ್ಪು ಒತ್ತಿದರೂ ಇದೇ ಮೌನ. ಆ ಹೆಸರಿನ ಪ್ರೋಗ್ರಾಂ ಇದೆಯೋ ಇಲ್ಲವೋ ನೋಡದೆ ಸೆಟ್ಟಿಂಗ್ ಫೈಲಿಗೆ ಬರೆದು ಕೈ ತೊಳೆದುಕೊಳ್ಳುತ್ತದೆ. ಆಮೇಲೆ ಫೈಲ್ ತೆರೆಯುವಾಗ ಇಲ್ಲದ ಹೆಸರು ದಾಟಿಹೋಗಿ ಮತ್ತೆ ಗಿಂಪ್ ಬರುತ್ತದೆ; ನೀವು "ಆಜ್ಞೆ ಕೆಲಸ ಮಾಡಲ್ಲ" ಅಂತ ಬೈಯುತ್ತೀರಿ. ಆದ್ದರಿಂದ ಡಿಫಾಲ್ಟ್ ಬದಲಿಸಿದ ಕೂಡಲೇ ಕ್ವೆರಿ ಡಿಫಾಲ್ಟ್ ಇನ್ನೊಮ್ಮೆ ಓಡಿಸಿ. ಹಳೆಯ ಹೆಸರೇ ಬಂದರೆ ಅಕ್ಷರ ತಪ್ಪಿದೆ ಎಂದೇ ಲೆಕ್ಕ.

ಸರಿಯಾದ ಹೆಸರು ಹುಡುಕುವುದೂ ಒಂದು ಕೆಲಸ. ಸಾಮಾನ್ಯ ಪ್ಯಾಕೇಜುಗಳದ್ದು /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಸಿಗುತ್ತದೆ. ಫ್ಲಾಟ್‌ಪ್ಯಾಕ್ ಎಂಬ ಬೇರೆ ಪ್ಯಾಕೇಜ್ ವ್ಯವಸ್ಥೆಯಿಂದ ಹಾಕಿದ್ದಕ್ಕೆ ಹೆಸರೇ ಉದ್ದ, ಲಿಬ್ರೆಆಫೀಸ್ ಆದರೆ ಆರ್ಗ್.ಲಿಬ್ರೆಆಫೀಸ್.ಲಿಬ್ರೆಆಫೀಸ್.ಡೆಸ್ಕ್‌ಟಾಪ್. ಉಬುಂಟುವಿನ ಸ್ವಂತ ಪ್ಯಾಕೇಜ್ ವ್ಯವಸ್ಥೆಯಾದ ಸ್ನ್ಯಾಪ್‌ನ ಫೈರ್‌ಫಾಕ್ಸ್ ತನ್ನ ಹೆಸರನ್ನು ಎರಡೆರಡು ಸಲ ಹೇಳಿಕೊಳ್ಳುತ್ತದೆ: ಫೈರ್‌ಫಾಕ್ಸ್_ಫೈರ್‌ಫಾಕ್ಸ್.ಡೆಸ್ಕ್‌ಟಾಪ್. ನೆನಪಿನಿಂದ ಒತ್ತಬೇಡಿ, ಫೋಲ್ಡರ್ ನೋಡಿ ನಕಲು ಮಾಡಿ.

ಎರಡನೆಯ ತಪ್ಪು ಸುಡೋ, ಅಂದರೆ ಮುಖ್ಯ ಬಳಕೆದಾರ ರೂಟ್‌ನ ಅಧಿಕಾರದಲ್ಲಿ ಆಜ್ಞೆ ಓಡಿಸುವುದು. ಏನೇ ಬದಲಿಸಬೇಕಾದರೂ ಮುಂದೆ ಸುಡೋ ಹಾಕುವ ಚಾಳಿ ಅನೇಕರಿಗಿದೆ. ಇಲ್ಲಿ ಹಾಗೆ ಮಾಡಿದರೆ ಬದಲಾಗುವುದು ರೂಟ್ ಬಳಕೆದಾರನ ಪಟ್ಟಿ, ನಿಮ್ಮದಲ್ಲ. ನಿಮ್ಮದು ಮನೆ ಫೋಲ್ಡರಿನ .ಕಾನ್ಫಿಗ್ ಒಳಗೆ ಮೈಮ್ಆ್ಯಪ್ಸ್.ಲಿಸ್ಟ್ ಹೆಸರಿನಲ್ಲಿದೆ. ಅದನ್ನು ನೋಟ್‌ಪ್ಯಾಡಿನಂಥ ಯಾವ ಎಡಿಟರಿನಲ್ಲಾದರೂ ತೆರೆಯಬಹುದು: ಡಿಫಾಲ್ಟ್ ಅಪ್ಲಿಕೇಶನ್ಸ್, ಆ್ಯಡೆಡ್ ಅಸೋಸಿಯೇಶನ್ಸ್, ರಿಮೂವ್ಡ್ ಅಸೋಸಿಯೇಶನ್ಸ್ ಎಂಬ ಮೂರು ಭಾಗ ಇರಬಹುದು. ಗಿಂಪ್ ಪಿಡಿಎಫ್ ಹತ್ತಿರ ಸುಳಿಯಲೇಬಾರದು ಎಂದರೆ ರಿಮೂವ್ಡ್ ಭಾಗದಲ್ಲಿ ಅದರ ಹೆಸರು ಹಾಕಿ. ಈ ಕೆಲಸಕ್ಕೆ ಎಕ್ಸ್‌ಡಿಜಿ-ಮೈಮ್‌ನಲ್ಲಿ ಆಜ್ಞೆಯೇ ಇಲ್ಲ, ಕೈಯಿಂದಲೇ ಬರೆಯಬೇಕು. ಇಷ್ಟು ವರ್ಷವಾದರೂ ಯಾಕೆ ಸೇರಿಸಿಲ್ಲವೋ.

ಎಲ್ಲ ಸರಿ ಮಾಡಿಯೂ ಹಟ ಬಿಡದಿದ್ದರೆ ಅದೇ .ಕಾನ್ಫಿಗ್ ಒಳಗೆ ಎಕ್ಸ್‌ಎಫ್‌ಸಿಇ-ಮೈಮ್ಆ್ಯಪ್ಸ್.ಲಿಸ್ಟ್ ಥರದ, ಡೆಸ್ಕ್‌ಟಾಪಿನ ಹೆಸರು ಹೊತ್ತ ಫೈಲ್ ಇದೆಯೇ ನೋಡಿ. ಇದ್ದರೆ ಸಾಮಾನ್ಯ ಪಟ್ಟಿಗಿಂತ ಅದರ ಮಾತೇ ಮೇಲು.

ಈ ಉಪಕರಣಕ್ಕೆ ನಾವು ಒಳ್ಳೆ ಅಂಕ ಕೊಡುವುದು ಇನ್‌ಸ್ಟಾಲ್ ಆಜ್ಞೆಗೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಬಳ್ಳಾರಿ ಎಂದ ಮೇಲೆ ಜೀನ್ಸ್; ಜೀನ್ಸ್ ಎಂದ ಮೇಲೆ ಜೇಬಿನ ಮೇಲಿನ ಕಸೂತಿ. ಕಂಪ್ಯೂಟರ್ ಕಸೂತಿ ಮಷೀನಿಗೆ ಹೋಗುವ ಡಿಸೈನ್ ಸಾಮಾನ್ಯವಾಗಿ .ಡಿಎಸ್‌ಟಿ ಫೈಲ್, ತಜಿಮಾ ಕಂಪನಿಯ ಮಾದರಿ. ಇಂಕ್‌ಸ್ಕೇಪ್‌ಗೆ ಕಸೂತಿಯ ಇಂಕ್‌ಸ್ಟಿಚ್ ವಿಸ್ತರಣೆ ಸೇರಿಸಿದರೆ ಅದು ತೆರೆಯುತ್ತದೆ, ಆದರೆ ಈ ಜಾತಿ ಪಟ್ಟಿಯಲ್ಲಿ ಇಲ್ಲದ ಕಂಪ್ಯೂಟರ್ ಅದನ್ನು ಗುರುತಿಸದೆ ಬರೀ ಆಕ್ಟೆಟ್-ಸ್ಟ್ರೀಮ್ (ಜಾತಿ ಗೊತ್ತಿಲ್ಲದ ಬೈಟುಗಳು) ಎನ್ನುತ್ತದೆ, ಇಲ್ಲವೇ ಟೆಕ್ಸ್ಟ್ ಎಂದು ಭ್ರಮಿಸುತ್ತದೆ. ಭ್ರಮೆಗೂ ಕಾರಣವಿದೆ: .ಡಿಎಸ್‌ಟಿಯ ಮೊದಲ 512 ಬೈಟು ತಲೆಬರಹ, ಅದರಲ್ಲಿ ಎಲ್‌ಎ: ಎಂದು ಶುರುವಾಗಿ ಡಿಸೈನಿನ ಹೆಸರು, ಎಸ್‌ಟಿ: ಎಂದು ಹೊಲಿಗೆ ಎಣಿಕೆ, ಸಿಒ: ಎಂದು ಬಣ್ಣ ಬದಲಾಗುವ ಸಂಖ್ಯೆ, ಎಲ್ಲ ಓದಬಲ್ಲ ಅಕ್ಷರದಲ್ಲೇ ಇರುತ್ತವೆ.

ಒಂದು ಸಣ್ಣ ಎಕ್ಸ್‌ಎಂಎಲ್ ಬರೆದರೆ ಸಾಕು. ಹೊರಗೆ ಮೈಮ್-ಇನ್ಫೋ ಟ್ಯಾಗ್, ಅದಕ್ಕೆ ಶೇರ್ಡ್-ಮೈಮ್-ಇನ್ಫೋದ ನೇಮ್‌ಸ್ಪೇಸ್ ತಪ್ಪದೆ ಇರಲಿ. ಒಳಗೆ ಮೈಮ್-ಟೈಪ್, ಹೆಸರು ಅಪ್ಲಿಕೇಶನ್/ಎಕ್ಸ್-ತಜಿಮಾ-ಡಿಎಸ್‌ಟಿ ಎನ್ನಿ. ಫೈಲ್ ಹೆಸರಿನಿಂದ ಗುರುತಿಸಲು ಒಂದು ಗ್ಲಾಬ್ ಸಾಲು, *.ಡಿಎಸ್‌ಟಿ ಎಂದು; ಒಳಗಿನ ಬೈಟಿನಿಂದ ಗುರುತಿಸಲು ಒಂದು ಮ್ಯಾಜಿಕ್, ಆದ್ಯತೆ 50, ಆಫ್‌ಸೆಟ್ 0ರಲ್ಲಿ (ಫೈಲಿನ ಶುರುವಿನಲ್ಲೇ) ದೊಡ್ಡಕ್ಷರದ ಎಲ್‌ಎ:. ಪೆನ್‌ಡ್ರೈವಿನಲ್ಲಿ ದೊಡ್ಡಕ್ಷರದ ಹೆಸರು ಬಂದರೆ ಚಿಂತೆಯಿಲ್ಲ, ಗ್ಲಾಬ್ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ. ನಂತರ:

ಎಕ್ಸ್‌ಡಿಜಿ-ಮೈಮ್ ಇನ್‌ಸ್ಟಾಲ್ ಬಳ್ಳಾರಿ-ಡಿಎಸ್‌ಟಿ.ಎಕ್ಸ್‌ಎಂಎಲ್

ಫೈಲಿನ ಹೆಸರಿನಲ್ಲಿ ಮುಂದೊಂದು ಪದ, ಅಡ್ಡಗೆರೆ ಇರಲೇಬೇಕು. ಬರೀ ಡಿಎಸ್‌ಟಿ.ಎಕ್ಸ್‌ಎಂಎಲ್ ಎಂದು ಕೊಟ್ಟರೆ ವೆಂಡರ್ ಹೆಸರಿಲ್ಲವೆಂದು ತಿರಸ್ಕರಿಸುತ್ತದೆ. --ನೊವೆಂಡರ್ ಹಾಕಿ ದಾಟಬಹುದು, ಆದರೆ ಮುಂದೆ ಅದೇ ಹೆಸರಿನ ಇನ್ನೊಂದು ಫೈಲ್ ಬಂದರೆ ಗೊಂದಲ. ಫೈಲನ್ನು ಸರಿಯಾದ ಜಾಗಕ್ಕೆ ನಕಲು ಮಾಡಿ ಡೇಟಾಬೇಸ್ ನವೀಕರಿಸುವುದನ್ನೂ ಅದೇ ಮಾಡುತ್ತದೆ. ಕೊನೆಗೆ ಡಿಫಾಲ್ಟ್ ಆಜ್ಞೆಯಿಂದ ಆರ್ಗ್.ಇಂಕ್‌ಸ್ಕೇಪ್.ಇಂಕ್‌ಸ್ಕೇಪ್.ಡೆಸ್ಕ್‌ಟಾಪ್‌ಗೆ ಒಪ್ಪಿಸಿದರೆ ಕೌಲ್‌ಬಜಾರಿನಿಂದ ಬಂದ ಪೆನ್‌ಡ್ರೈವಿನ ಡಿಸೈನ್ ಡಬಲ್ ಕ್ಲಿಕ್ಕಿಗೆ ತೆರೆಯುತ್ತದೆ. ಬೇಡವಾದರೆ ಅನ್‌ಇನ್‌ಸ್ಟಾಲ್, ಅಷ್ಟೇ ಸಲೀಸು.

ಇನ್ನೊಂದು ವಿಚಿತ್ರ. ಎಕ್ಸ್‌ಡಿಜಿ-ಮೈಮ್ ಸ್ವತಂತ್ರ ಪ್ರೋಗ್ರಾಂ ಅಲ್ಲ, ಶೆಲ್ ಸ್ಕ್ರಿಪ್ಟ್. ಫೈಲಿನ ಜಾತಿ ಕೇಳಿದಾಗ ಗ್ನೋಮ್ ಕಡೆಯ ಡೆಸ್ಕ್‌ಟಾಪಿನಲ್ಲಿ ಅದರ ಜಿಐಒ ಎಂಬ ಸಾಧನದ ಕೈಗೆ, ಕೆಡಿಇ ಆದರೆ ಕೆಡಿಇ ಸಾಧನಕ್ಕೆ ಕೆಲಸ ದಾಟಿಸುತ್ತದೆ. ಎಸ್‌ಎಸ್‌ಎಚ್ ಮೂಲಕ (ಬೇರೆ ಕಂಪ್ಯೂಟರಿನಿಂದ ಟರ್ಮಿನಲ್‌ನಲ್ಲಿ) ಒಳಬಂದಾಗ ಡೆಸ್ಕ್‌ಟಾಪ್ ಯಾವುದೆಂದು ಅದಕ್ಕೆ ತಿಳಿಯದೆ ಫೈಲ್ ಆಜ್ಞೆಯಂಥ ಬೇರೆ ದಾರಿ ಹಿಡಿಯುತ್ತದೆ. ಪರಿಣಾಮ: ಯಾರೋ ಜೆಪೆಗ್ ಚಿತ್ರಕ್ಕೆ .ಪಿಡಿಎಫ್ ಎಂದು ಹೆಸರು ಬದಲಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರೆ, ಡೆಸ್ಕ್‌ಟಾಪಿನಲ್ಲಿ ಬಾಲದ ಹೆಸರು ನಂಬಿ ಪಿಡಿಎಫ್ ಎನ್ನಬಹುದು, ಎಸ್‌ಎಸ್‌ಎಚ್‌ನಲ್ಲಿ ಒಳಗಿನ ಬೈಟು ನೋಡಿ ಜೆಪೆಗ್ ಎನ್ನಬಹುದು. ಅನುಮಾನ ಬಂದಾಗ ಫೈಲ್ --ಮೈಮ್-ಟೈಪ್ ಓಡಿಸಿ, ಅದು ಹೊಟ್ಟೆ ನೋಡಿ ಮಾತಾಡುತ್ತದೆ. ಸ್ಕ್ರಿಪ್ಟ್ ಯಾವ ದಾರಿ ಹಿಡಿಯಿತೆಂದು ನೋಡಲು ಎಕ್ಸ್‌ಡಿಜಿ_ಯುಟಿಲ್ಸ್_ಡೀಬಗ್_ಲೆವೆಲ್ ಎಂಬ ಪರಿಸರ ಚರವನ್ನು 2 ಮಾಡಿ ಅದೇ ಆಜ್ಞೆ ಕೊಡಿ (ಚರದ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ).

ಬದಲಿ ಬೇಕೇ? ಮಿಂಟ್, ಉಬುಂಟುವಿನಲ್ಲಿ ಬರೀ ಡಿಫಾಲ್ಟ್ ಬದಲಿಸಲು ಜಿಐಒ ಮೈಮ್ ಎಂಬ ಆಜ್ಞೆ ಹೆಚ್ಚು ಭರವಸೆಯದು. ಹೆಸರು ತಪ್ಪಿದರೆ ಅಲ್ಲೇ ಬಾಯಿಬಿಟ್ಟು ಹೇಳುತ್ತದೆ. ಹೆಸರು ಕೊಡದೆ ಜಾತಿಯಷ್ಟೇ ಕೊಟ್ಟರೆ ಯಾರು ಯಾರು ಅದನ್ನು ತೆರೆಯಬಲ್ಲರು ಎಂದು ಪಟ್ಟಿ ಕೊಡುತ್ತದೆ. ಇದೇ ಕೆಲಸಕ್ಕೆ ವಿಂಡೋಸ್‌ನ ಅಸೋಕ್, ಎಫ್‌ಟೈಪ್ ಆಜ್ಞೆಗಳನ್ನು ನಂಬಿದವರಿಗೆ ಒಂದು ತಿಳಿದಿರಲಿ: ವಿಂಡೋಸ್ 8ರಿಂದೀಚೆಗೆ ಬಳಕೆದಾರನ ಆಯ್ಕೆಗೆ ಹ್ಯಾಶ್ ಬೀಗ ಬಿದ್ದಿದೆ, ಅವು ಬದಲಿಸಿದರೂ ಡಬಲ್ ಕ್ಲಿಕ್ ಕೇಳುವುದಿಲ್ಲ.

ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದರೆ ನಾಲ್ಕರಲ್ಲೂ ಆಜ್ಞೆ ಒತ್ತುತ್ತಾ ಕೂರಬೇಕಿಲ್ಲ. ಒಂದರಲ್ಲಿ ಸರಿಪಡಿಸಿದ ಮೈಮ್ಆ್ಯಪ್ಸ್.ಲಿಸ್ಟ್ ಅನ್ನು ಉಳಿದವುಗಳ /ಇಟಿಸಿ/ಎಕ್ಸ್‌ಡಿಜಿ ಫೋಲ್ಡರಿಗೆ ಹಾಕಿ (ಇಲ್ಲಿ ಮಾತ್ರ ಸುಡೋ ಬೇಕು), ಸ್ವಂತ ಪಟ್ಟಿ ಮಾಡಿಕೊಂಡಿರದ ಎಲ್ಲ ಬಳಕೆದಾರರಿಗೂ ಅದೇ ಅನ್ವಯಿಸುತ್ತದೆ. ಒಂದರಲ್ಲಿ ಫ್ಲಾಟ್‌ಪ್ಯಾಕ್ ಲಿಬ್ರೆಆಫೀಸ್, ಇನ್ನೊಂದರಲ್ಲಿ ಸಾಮಾನ್ಯದ್ದು ಇದ್ದರೆ ಹೆಸರು ಹೊಂದುವುದಿಲ್ಲ. ಆಗ ಎರಡೂ ಹೆಸರನ್ನು ಅರ್ಧವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆಯಿರಿ, ಆ ಕಂಪ್ಯೂಟರಿನಲ್ಲಿ ಇರುವುದನ್ನು ಅದೇ ಆರಿಸಿಕೊಳ್ಳುತ್ತದೆ.