ತೋಟದ ವಾರದ ಬುಟ್ಟಿಯೋ, ಹಾಪ್‌ಕಾಮ್ಸೋ?

ಬೆಂಗಳೂರಲ್ಲಿ 1959ರಿಂದ ಇರುವ, ರೈತರ ಸಹಕಾರ ಸಂಘದ ಹಣ್ಣು-ತರಕಾರಿ ಮಳಿಗೆ ಹಾಪ್‌ಕಾಮ್ಸ್‌ನಲ್ಲಿ ಬೇಕಾದ್ದನ್ನು ಬೇಕಾದಷ್ಟೇ ತೂಗಿಸಿಕೊಳ್ಳಬಹುದು. ನಾಳೆ ಹುಳಿಗೆ ನುಗ್ಗೆಕಾಯೇ ಆಗಬೇಕೆಂದರೆ ಅಲ್ಲಿಗೇ ಹೋಗಿ.

ತೋಟಕ್ಕೆ ಮುಂಗಡ ಕೊಟ್ಟು ಪಾಲುದಾರರಾದರೆ ಅಲ್ಲಿ ಬೆಳೆದದ್ದರಲ್ಲಿ ನಿಮ್ಮ ಪಾಲು ವಾರವಾರ ಬುಟ್ಟಿಯಲ್ಲಿ ಬರುತ್ತದೆ; ಆಯ್ಕೆ ನಿಮ್ಮದಲ್ಲ, ಹಂಗಾಮಿನದು. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬುಟ್ಟಿ ತುಂಬ. ಮನೆಮಂದಿಯೆಲ್ಲ ಕೂತು ಸುಲಿದು, ಕಾಳು ನೆನೆಸಿ, ಹಿತುಕಿ ಸಾರು ಮಾಡುವಷ್ಟು. (ಬೆರಳಿಗಂಟಿದ ಆ ಸೊಗಡು ಎರಡು ದಿನ ಹೋಗದು, ಹೋಗುವುದೂ ಬೇಡ.) ಬೇಸಿಗೆಗೆ ಸೌತೆ, ಹೀರೆ. ಜಡಿಮಳೆಯಲ್ಲಿ ಸೊಪ್ಪು ಕೊಳೆತು, ಟೊಮೆಟೊ ಬಿರಿದು ಬುಟ್ಟಿ ಅರ್ಧವಾದರೂ ಸಾಮಾನ್ಯವಾಗಿ ದುಡ್ಡು ವಾಪಸ್ಸಿಲ್ಲ. ನಷ್ಟದಲ್ಲೂ ಪಾಲು ಎಂಬುದೇ ಒಪ್ಪಂದ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಂಥ ಹೊತ್ತಲ್ಲಿ ಮುಂಗಡ ಕೊಟ್ಟವರೇ ಜಾಣರು.

ವಾರದಲ್ಲಿ ನಾಲ್ಕು ದಿನ ಹೊರಗೆ ಉಣ್ಣುವವರಿಗೆ ಬುಟ್ಟಿ ಬೇಡ. ದಂಟೋ ಕೀರೆಯೋ, ಬಂದದ್ದನ್ನು ಬಸ್ಸಾರು ಮಾಡುವವರಿಗೆ ಬುಟ್ಟಿಯೇ ಸರಿ.