ಮೊದಲ ದೊಡ್ಡ ಹಾಯಿದೋಣಿಯಾಗಿ ಹಳೇ ಕ್ಯಾಟಲೀನಾ 30: ತಳದ ಗುಂಡಿಯ (ಬಿಲ್ಜ್) ಮುಚ್ಚಳ ತೆಗೆಯದೆ ಬೆಲೆ ಮಾತಾಡಬೇಡಿ

ಪುಟ್ಟ ಡಿಂಗಿಯಲ್ಲಿ ಹಾಯಿ ಎತ್ತಿ ಇಳಿಸುವುದನ್ನು ಕಲಿತು, ಒಂದೆರಡು ಬೇಸಿಗೆ ಬಾಡಿಗೆ ದೋಣಿಯಲ್ಲಿ ಓಡಾಡಿದವರು ಆಮೇಲೆ ಬಯಸುವುದು ಒಳಗೆ ನೆಟ್ಟಗೆ ನಿಂತು ಕಾಫಿ ಕಾಯಿಸಬಹುದಾದ ದೋಣಿಯನ್ನು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮರೀನಾಗಳಲ್ಲಿ, ಅಂದರೆ ದೋಣಿ ಕಟ್ಟಿಡುವ ತಂಗುದಾಣಗಳಲ್ಲಿ, ಹುಡುಕಲು ಹೊರಟರೆ (ಆ ಕಡೆ ಕನ್ನಡದವರೂ ಕಮ್ಮಿಯೇನಿಲ್ಲ) ಕ್ಯಾಟಲೀನಾ 30 ಕಣ್ಣಿಗೆ ಬೀಳದೆ ಇರದು. ಫ್ರ್ಯಾಂಕ್ ಬಟ್ಲರ್ ಕಟ್ಟಿದ ಕ್ಯಾಲಿಫೋರ್ನಿಯಾದ ಕಂಪನಿ 1970ರ ದಶಕದ ನಡುವಿನಿಂದ ಮೂರು ದಶಕ ಈ ಮಾದರಿಯನ್ನು ತಯಾರಿಸಿತು. 6,000ಕ್ಕೂ ಹೆಚ್ಚು ನೀರಿಗಿಳಿದಿವೆ. ಈಗ ಸಿಗುವುದೆಲ್ಲ ಹಳೆಯದೇ.

ಉದ್ದ 30 ಅಡಿಗೆ ಒಂದಿಂಚು ಕಮ್ಮಿ, ಅಗಲ 10 ಅಡಿ 10 ಇಂಚು. ತೂಕ 10,200 ಪೌಂಡ್, ಅದರಲ್ಲಿ 4,200 ಪೌಂಡ್ ಕೀಲ್‌ನದೇ (ದೋಣಿ ಮಗುಚದಂತೆ ತಳದಲ್ಲಿ ಜೋಡಿಸಿದ ಭಾರದ ಅಲಗು). ಆ ಅಗಲದಿಂದಾಗಿ ಒಳಗೆ ಜಾಗ ಧಾರಾಳ. ಆದರೆ ಗಾಳಿ ಜೋರಾದಾಗ ತಾಪತ್ರಯ ಕೊಡುವುದೂ ಅದೇ ಅಗಲ: ದೋಣಿ 20–25 ಡಿಗ್ರಿಗಿಂತ ಹೆಚ್ಚು ವಾಲಿದರೆ ಚುಕ್ಕಾಣಿಯ ಹಿಡಿತ ಸಡಿಲವಾಗಿ ಮೂತಿ ಗಾಳಿಯತ್ತ ತಿರುಗಿಬಿಡುತ್ತದೆ. ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ 20–25 ನಾಟ್ ಗಾಳಿ ಮಾಮೂಲು. 15 ನಾಟ್ ದಾಟುವ ಹೊತ್ತಿಗೇ ಮುಂದಿನ ದೊಡ್ಡ ಹಾಯಿಯಾದ ಜೆನೋವಾ ಸುತ್ತಿ ಸಣ್ಣದು ಮಾಡಿ, ಮುಖ್ಯ ಹಾಯಿಗೆ ಮೊದಲ ರೀಫ್ ಹಾಕಬೇಕು, ಅಂದರೆ ಸ್ವಲ್ಪ ಇಳಿಸಿ ಕಟ್ಟಿ ಚಿಕ್ಕದು ಮಾಡಬೇಕು. ಹಾಗಾಗಿ ರೀಫ್ ಹಗ್ಗಗಳು ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ವರೆಗೆ ಬರುತ್ತವೆಯೇ, ಎಳೆದರೆ ಸಲೀಸಾಗಿ ಜಾರುತ್ತವೆಯೇ ಎಂದು ನೋಡಿಕೊಳ್ಳಿ. ಹೊಳೆಯುವ ಹೊಸ ಕುಶನ್‌ಗಳಿಗಿಂತ ಇದು ಮುಖ್ಯ.

ಕೀಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆ. ನೇರವಾಗಿ ಕೆಳಗಿಳಿಯುವ ಫಿನ್ ಕೀಲ್‌ಗೆ 5 ಅಡಿ 3 ಇಂಚು ನೀರು ಬೇಕು, ತುದಿಯಲ್ಲಿ ಎರಡು ರೆಕ್ಕೆಗಳಿರುವ ವಿಂಗ್ ಕೀಲ್‌ಗೆ 3 ಅಡಿ 10 ಇಂಚು ಸಾಕು. ನೀರು ಕಮ್ಮಿಯಿದ್ದಲ್ಲಿ ವಿಂಗ್ ಅನುಕೂಲವೆನಿಸುತ್ತದೆ, ಕೆಸರಿನಲ್ಲಿ ಸಿಕ್ಕಿಕೊಳ್ಳುವವರೆಗೆ! ಫಿನ್ ಹೂತರೆ ಎಲ್ಲರೂ ಒಂದು ಮಗ್ಗುಲಿಗೆ ಹೋಗಿ ದೋಣಿಯನ್ನು ವಾಲಿಸಿ ಬಿಡಿಸಬಹುದು. ವಿಂಗ್ ಆದರೆ, ವಾಲಿಸಿದಷ್ಟೂ ಒಂದು ರೆಕ್ಕೆ ಇನ್ನೂ ಆಳಕ್ಕೆ ನಾಟುತ್ತದೆ.

ಇನ್ನು ಬಿಲ್ಜ್. ಆರಂಭದ ವರ್ಷಗಳ ದೋಣಿಗಳಲ್ಲಿ ಕೀಲ್ ಬೋಲ್ಟ್‌ಗಳು ಹಾಯುವ ತಳಭಾಗದೊಳಗೆ ಪ್ಲೈವುಡ್ ಇದೆ. ಬೋಲ್ಟ್ ಸುತ್ತ ನೀರು ಒಸರಿ ಆ ಪ್ಲೈವುಡ್ ಮೆತ್ತಗಾದರೆ ಕೀಲ್ ಅಲುಗಾಡತೊಡಗುತ್ತದೆ. ಹೊರಗೆ, ಕೀಲ್ ಮತ್ತು ಒಡಲು ಸೇರುವ ಮುಂಭಾಗದಲ್ಲಿ, ನಗುವ ಬಾಯಿಯಂಥ ಬಿರುಕು ಮೂಡುತ್ತದೆ. ಇದಕ್ಕೆ ‘ಕ್ಯಾಟಲೀನಾ ಸ್ಮೈಲ್’ ಎಂದೇ ಹೆಸರು. ಕೂದಲೆಳೆಯ ಬಿರುಕಾದರೆ ಭಯ ಬೇಡ, ತುಂಬಿ ಬಣ್ಣ ಹೊಡೆದರಾಯಿತು. ಬಿರುಕಿನಿಂದ ತುಕ್ಕುನೀರು ಇಳಿಯುತ್ತಿದ್ದರೆ, ಬಿಲ್ಜ್‌ನಲ್ಲಿ ನಟ್ಟಿನ ಕೆಳಗಿನ ವಾಷರ್ ತಳಕ್ಕೆ ಹೂತುಕೊಂಡಿದ್ದರೆ, ದುಡ್ಡು ಜೇಬಿನಲ್ಲೇ ಇರಲಿ. ಕೂವೆಕಂಬದ ಭಾರ ಹೊರುವ ಒಳಕಂಬದ ಬುಡವನ್ನೂ ಅಲ್ಲೇ ನೋಡಿ. ಅದರಡಿಯ ಮರದ ದಿಮ್ಮಿ ಕೊಳೆತರೆ ಡೆಕ್ ಕುಸಿಯುತ್ತದೆ, ಸ್ನಾನದಕೋಣೆಯ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಬಾಗಿಲು ತೆಗೆದು ಹಾಕಿ ನೋಡುವುದು ಪುಕ್ಕಟೆ ಪರೀಕ್ಷೆ.

ಡೆಕ್ ಮೇಲೆ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಗೇಣಿಗೊಂದು ಸಲ ತಟ್ಟುತ್ತಾ ಹೋಗಿ. ಟಕ್ ಟಕ್ ಎಂದರೆ ಗಟ್ಟಿ. ಡಬ್ ಎಂದು ಸದ್ದು ಸತ್ತರೆ ಒಳಗಿನ ಮರ ನೆನೆದಿದೆ. ಕೂವೆಕಂಬದ ತಂತಿಗಳನ್ನು ಹಿಡಿದಿಡುವ ಚೈನ್‌ಪ್ಲೇಟ್‌ಗಳ ಸುತ್ತಲೇ ಇದು ಹೆಚ್ಚು. ಆ ಸ್ಟೀಲ್ ತಂತಿಗಳನ್ನು 10–15 ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಮಾಲೀಕರ ಬಳಿ ರಸೀದಿ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಇಳಿಸಿ.

ಎಂಜಿನ್ ಬಹುಪಾಲು ಯೂನಿವರ್ಸಲ್ ಕಂಪನಿಯ ಡೀಸೆಲ್, ತೀರಾ ಹಳೆಯದಾದರೆ ಪೆಟ್ರೋಲಿನ ಅಟಾಮಿಕ್ 4. ಹೊಸಬರಿಗೆ ಡೀಸೆಲ್ಲೇ ಸರಿ. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಆವಿಯ ಸಹವಾಸ ಬೇಡ. ನೀವು ಹೋಗುವ ಮುನ್ನ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿಡಿ. ತಣ್ಣಗಿರುವಾಗ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದರಲ್ಲೇ ಅದರ ಜಾತಕವಿದೆ. 1980ರ ದಶಕದ ಡೀಸೆಲ್‌ಗಳಲ್ಲಿ ಎರಡು ಹುಳುಕು ಎಲ್ಲರಿಗೂ ಗೊತ್ತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಬ್ರಾಕೆಟ್ ಮುರಿದು ಎಂಜಿನ್ನಿನ ಮುಂಭಾಗದ ಕವಚವನ್ನೇ ಒಡೆಯಬಲ್ಲದು. ಇನ್ನೊಂದು, ವೈರಿಂಗ್ ನಡುವಿನ, ವಾಹನದ ಟ್ರೇಲರ್‌ಗೆ ಬಳಸುವಂಥ ಪ್ಲಗ್‌ಗಳು: ಉಪ್ಪುಗಾಳಿಗೆ ಕಿಲುಬು ಹಿಡಿದು, ಬಿಸಿಯಾಗಿ, ಕರಗುತ್ತವೆ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕತ್ತರಿಸಿ ಬಿಸಾಡಿ, ವೈರುಗಳನ್ನು ನೇರವಾಗಿ ಜೋಡಿಸಿ.

ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಖರ್ಚು ಉಳಿಸಬೇಡಿ. ಹಳೆಯ ದೋಣಿಗೆ ಆ ವರದಿಯಿಲ್ಲದೆ ಸಾಮಾನ್ಯವಾಗಿ ವಿಮೆಯೂ ಸಿಗುವುದಿಲ್ಲ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿಯೇ ನೋಡಿಸಿ. ಪರೀಕ್ಷಾ ಓಟದ ದಿನ ಹಾಯಿ ಬಿಚ್ಚುವ ಮೊದಲು ಮರೀನಾದಾಚೆ ಹತ್ತು ನಿಮಿಷ ಹಿಮ್ಮುಖವಾಗಿ ಓಡಿಸಿ. ಪ್ರೊಪೆಲರ್ ತಿರುಗುವ ದಿಕ್ಕಿಗೆ ತಕ್ಕಂತೆ ಹಿಂಬದಿ ಒಂದು ಮಗ್ಗುಲಿಗೆ ಸರಿಯುತ್ತದೆ. ವೇಗ ಕೂಡುವವರೆಗೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಯಾವ ಮಗ್ಗುಲಿಗೆ, ಎಷ್ಟು ಸರಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕಟ್ಟೆಗೆ ಯಾವ ಬದಿಯಿಂದ ತಂದು ನಿಲ್ಲಿಸಬೇಕೆಂಬುದು ಅದರ ಮೇಲೇ ನಿಂತಿದೆ.